ಕೋವಿಯ ನಳಿಗೆಗೆ ತುಕ್ಕು ಎಲ್ಲಿಂದ ಬರುತ್ತದೆ?

ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹಾರಿಸಿದ ಮೇಲೆ ಒಳಗೆ ಕಾಣುವ ಕಪ್ಪನ್ನು ಮಸಿ ಎಂದುಕೊಂಡು ಎಣ್ಣೆ ಬಟ್ಟೆಯಲ್ಲಿ ಒರೆಸಿಡುವವರೇ ಹೆಚ್ಚು. ಅದರಲ್ಲಿ ಬಹುಪಾಲು ಉಪ್ಪು. ಕರಿಮದ್ದಿನಲ್ಲಿ 75 ಭಾಗ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಭಾಗ ಇದ್ದಿಲು, 10 ಭಾಗ ಗಂಧಕ. ಉರಿದಾಗ ಅರ್ಧಕ್ಕೂ ಹೆಚ್ಚು ತೂಕ ಅನಿಲವಾಗದೆ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಉಪ್ಪುಗಳಾಗಿ ಉಳಿಯುತ್ತದೆ. ಗಾಳಿಯ ಆರ್ದ್ರತೆ ಶೇ 43 ದಾಟಿದರೆ ಸಾಕು, ಪೊಟ್ಯಾಸಿಯಂ ಕಾರ್ಬೊನೇಟ್ ತಾನೇ ನೀರು ಹೀರಿ ಒಸರತೊಡಗುತ್ತದೆ. ಬೆಂಗಳೂರಿನಲ್ಲಿ ಆಗಸ್ಟ್‌ನ ಬೆಳಗಿನ ಆರ್ದ್ರತೆ ಶೇ 80ರ ಮೇಲೆಯೇ ಇರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ; ತೊಳೆಯದೆ ಎಣ್ಣೆ ಹಚ್ಚಿದರೆ ಅದರಡಿಯಲ್ಲೇ ತುಕ್ಕು ಬೆಳೆಯುತ್ತದೆ. ಒಳ್ಳೆಯ ಉಕ್ಕಿನ ನಳಿಗೆ ಒಂದೇ ಮಳೆಗಾಲದಲ್ಲಿ ಹೀಗೆ ಹಾಳಾಗುವುದು ನಿಜಕ್ಕೂ ನೋವಿನ ಸಂಗತಿ.

ಕೊಡಗು, ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ಕಿಡಿ ಕೊಡುವ ಕೇಪು ಕೂರುವುದು ಪಕ್ಕದಲ್ಲಿ, ನಳಿಗೆಯ ಹಿಂಬದಿ ಮುಚ್ಚಿಯೇ ಇರುತ್ತದೆ. ಅಮೆರಿಕದಲ್ಲಿ 1985ರಲ್ಲಿ ಟೋನಿ ನೈಟ್ ತಂದ ಎಂಕೆ-85ರಿಂದ ಜನಪ್ರಿಯವಾದ ಇನ್‌ಲೈನ್ ರೈಫಲ್‌ನಲ್ಲಿ ಕಿಡಿ ಮದ್ದಿನ ನೇರ ಹಿಂದಿನಿಂದಲೇ ಬರುತ್ತದೆ. ಹಿಂಬದಿಯನ್ನು ಮುಚ್ಚುವ ಬ್ರೀಚ್ ಪ್ಲಗ್ ಎಂಬ ತಿರುಪು ಬಿಚ್ಚಿದರೆ ನಳಿಗೆಯ ಆರಪಾರ ಕಾಣುತ್ತದೆ. ತೊಳೆಯಲು ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ಯಾವ ಮದ್ದು ಬಳಸಿದ್ದೀರಿ ಎನ್ನುವುದನ್ನು ಮೊದಲು ನೋಡಿ. ಕರಿಮದ್ದು, ಅದರ ಬದಲಿಗೆ ಬಳಸುವ ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಮದ್ದುಗಳ ಕೊಳೆ ನೀರಿಗೆ ಬಿಡುತ್ತದೆ. ಪೈರೋಡೆಕ್ಸ್‌ನಲ್ಲಿ ಪರ್‌ಕ್ಲೋರೇಟ್ ಇರುವುದರಿಂದ ಉಳಿಯುವುದು ಕ್ಲೋರೈಡ್. ಅದು ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಗುಳಿ ತೋಡಬಲ್ಲದು. ಬ್ಲ್ಯಾಕ್‌ಹಾರ್ನ್ 209 ಎಂಬ ಇನ್ನೊಂದು ಬದಲಿ ಮದ್ದು ನೈಟ್ರೋಸೆಲ್ಯುಲೋಸ್ ಆಧಾರಿತ. ಅದರ ಕೊಳೆಗೆ ನೀರು ನಾಟುವುದಿಲ್ಲ, ಹೊಗೆರಹಿತ ಮದ್ದಿಗೆ ಬಳಸುವ ಸಾಲ್ವೆಂಟೇ ಬೇಕು.

ಕೈ ಹಾಕುವ ಮುನ್ನ ಕಿಡಿ ಕೊಡುವ ಪ್ರೈಮರ್ ತೆಗೆದು, ಸಲಾಕೆಯನ್ನು ನಳಿಗೆಗೆ ಇಳಿಸಿ, ಸಲಾಕೆಯ ಮೇಲಿನ ಖಾಲಿ ನಳಿಗೆಯ ಗುರುತಿನವರೆಗೂ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಒಳಗೆ ಈಡು ಇದೆ ಎಂದರ್ಥ. ತೊಳೆಯುವ ಕೆಲಸ ಅಲ್ಲಿಗೇ ನಿಲ್ಲಲಿ. ಖಾಲಿಯಿದ್ದರೆ ಪ್ಲಗ್ ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯ ತುಂಡುಗಳನ್ನು ಹಿಂಬದಿಯಿಂದ ಒಂದೊಂದಾಗಿ ತಳ್ಳಿ. ಕುದಿನೀರು ಬೇಡ, ಬಿಸಿ ಉಕ್ಕಿನ ಮೇಲೆ ಆರುತ್ತಲೇ ಕಿತ್ತಳೆ ಬಣ್ಣದ ತುಕ್ಕಿನ ಪೊರೆ ಕಟ್ಟುತ್ತದೆ. ಟ್ರಿಪಲ್ ಸೆವೆನ್ ಬಳಸಿದ್ದರೆ ಗುಂಡು ಕೂರುವ ಜಾಗದಲ್ಲಿ ಗಟ್ಟಿ ಬಳೆಯಂತೆ ಕೊಳೆ ಕಟ್ಟಿರುತ್ತದೆ. ಅಲ್ಲಿ ಕಂಚಿನ ಬ್ರಷ್ ಆಡಿಸಬೇಕು. ಬೋರ್‌ವೆಲ್ ನೀರು ಗಡುಸು, ಕೊನೆಯ ಸುತ್ತಿಗೆ ಫಿಲ್ಟರ್ ನೀರು ಒಳ್ಳೆಯದು. ಒಣ ಬಟ್ಟೆ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ಕೊನೆಗೆ ತೆಳುವಾಗಿ ಎಣ್ಣೆ. ಮರುದಿನ ಬಿಳಿ ಬಟ್ಟೆ ಹಾಯಿಸಿ; ಕಂದು ಬಣ್ಣ ಹತ್ತಿದರೆ ಉಪ್ಪು ಉಳಿದಿದೆ, ಮತ್ತೆ ತೊಳೆಯಿರಿ.

ಬ್ರೀಚ್ ಪ್ಲಗ್‌ಗೆ ಇನ್ನೂ ಹೆಚ್ಚು ಗಮನ ಬೇಕು. ಕಿಡಿ ಹಾಯುವ ರಂಧ್ರ ಒಂದು ಮಿಲಿಮೀಟರಿಗೂ ಸಣ್ಣದು. ಇಂಗಾಲ ಕಟ್ಟಿದರೆ ಕಿಡಿ ಸೊರಗುತ್ತದೆ, ಈಡು ತಡವಾಗಿ ಹೊತ್ತುತ್ತದೆ. ತಯಾರಕರು ಹೇಳಿದ ಅಳತೆಯ ಡ್ರಿಲ್ ಬಿಟ್ ಅನ್ನು ಬೆರಳಲ್ಲೇ ತಿರುಗಿಸಿ ಬಿಡಿಸಿ. ರಂಧ್ರ ಸವೆದು ಅಗಲವಾಗಿದ್ದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ಪ್ಲಗ್ ಬದಲಿಸಲೇಬೇಕು. ತಿರುಪಿನ ಹಳೆಯ ಗ್ರೀಸು ಪೂರ್ತಿ ತೆಗೆದು ತಿರುಪು ಕಚ್ಚದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹೊಸದಾಗಿ ಹಚ್ಚಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಸಿಗುವ ವಸ್ತುವೇ. ಇದಿಲ್ಲದಿದ್ದರೆ ಪ್ಲಗ್ ಕಚ್ಚಿಕೊಳ್ಳುತ್ತದೆ.

ಮುಂದಿನ ಸಲ ಮದ್ದು ತುಂಬುವ ಮುನ್ನ ನಳಿಗೆಯ ಎಣ್ಣೆ ಒರೆಸಿ ತೆಗೆಯಿರಿ, ಎಣ್ಣೆ ಕುಡಿದ ಮದ್ದು ಸರಿಯಾಗಿ ಹೊತ್ತದು.