ಮೇಣದ ಬಿಲ್ಲೆಯ ಪರಿಮಳ ಮೂರನೆಯ ದಿನವೂ ಉಳಿಯಬೇಕಾದರೆ

ಕಳೆದ ಮೇ ತಿಂಗಳಲ್ಲಿ, ಮುಂಬಯಿ ಬಳಿಯ ಡೊಂಬಿವಲಿಯಿಂದ ನನ್ನ ಭಾನುವಾರದ ತರಗತಿಗೆ ಬರುವ ಗೃಹಿಣಿಯೊಬ್ಬರು ಚಪಾತಿ ಒಯ್ಯುವ ಸ್ಟೀಲ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಅವರೇ ಮನೆಯಲ್ಲಿ ಎರೆದ ಆರು ವ್ಯಾಕ್ಸ್ ಮೆಲ್ಟ್‌ಗಳಿದ್ದವು. ಬಿಸಿ ಬಟ್ಟಲಿನಲ್ಲಿ ಕರಗಿಸಿ ಕೋಣೆಗೆ ಪರಿಮಳ ಹರಡಿಸುವ, ಬತ್ತಿಯಿಲ್ಲದ ಮೇಣದ ತುಂಡುಗಳಿವು. ತರಗತಿಯಲ್ಲಿ ನಾವು ಅವನ್ನು ಮೇಣದ ಬಿಲ್ಲೆ ಎಂದೇ ಕರೆಯುತ್ತೇವೆ. ಪ್ರತಿಯೊಂದರ ಮೈಮೇಲೂ ಬೆವರಿನಂತೆ ಎಣ್ಣೆಯ ಹನಿಗಳು ಮೂಡಿದ್ದವು, ಡಬ್ಬಿಯ ತಳದಲ್ಲಿ ಒಂದು ಚಮಚೆಯಷ್ಟು ಎಣ್ಣೆ ನಿಂತಿತ್ತು. "ಅಕ್ಕಾ, ಮೊದಲನೇ ದಿನ ಪಕ್ಕದ ಮನೆಯವರು ಬಂದು ಏನಿದು ಇಷ್ಟು ಘಮ ಅಂತ ಕೇಳಿದರು. ಮೂರನೇ ದಿನ ಮೂಗಿನ ಹತ್ತಿರ ಹಿಡಿದರೂ ಏನೂ ಇಲ್ಲ. ಮುಂದಿನ ಸಲ ಎಣ್ಣೆ ಎರಡರಷ್ಟು ಹಾಕಿಬಿಡಲೇ?" ಎಂದು ಕೇಳಿದರು. ಅವರು ಈಗಾಗಲೇ ಹಾಕಿದ್ದ ಎಣ್ಣೆಯೇ ಮೇಣದಲ್ಲಿ ನಿಲ್ಲದೆ ಡಬ್ಬಿಗೆ ಇಳಿದಿತ್ತು.

ಸುಗಂಧ ಸಂಯೋಜನೆಯ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿರುವ ನನಗೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಪರಿಮಳ ಬಹುಕಾಲ ಉಳಿಯುವುದು ಎಷ್ಟು ಎಣ್ಣೆ ಸುರಿದಿರಿ ಎನ್ನುವುದಕ್ಕಿಂತ, ನೀವು ಆರಿಸಿದ ಎಣ್ಣೆ ಯಾವ ವೇಗದಲ್ಲಿ ಆವಿಯಾಗುತ್ತದೆ ಮತ್ತು ಬಿಲ್ಲೆಯನ್ನು ಕರಗಿಸುವ ಬಟ್ಟಲು ಎಷ್ಟು ಬಿಸಿಯಾಗುತ್ತದೆ ಎನ್ನುವುದನ್ನು ಅವಲಂಬಿಸಿದೆ.

ಮೊದಲು ಲೆಕ್ಕ. 200 ಗ್ರಾಂ ಮೇಣಕ್ಕೆ 16 ಗ್ರಾಂ ಸುಗಂಧ ತೈಲ ಬೆರೆಸಿ, ತಲಾ 18 ಗ್ರಾಂನಂತೆ 12 ಬಿಲ್ಲೆ ಎರೆದರೆ, ಒಂದು ಬಿಲ್ಲೆಯಲ್ಲಿರುವ ಸುಗಂಧ ಸುಮಾರು 1.3 ಗ್ರಾಂ ಮಾತ್ರ. ಬಿಲ್ಲೆಯ ಆಯುಸ್ಸೆಲ್ಲ ಇಷ್ಟರೊಳಗೇ ಇದೆ. ಮೇಣದಬತ್ತಿಯಲ್ಲಿ ಮೇಣವೇ ಉರಿದು ಮುಗಿಯುತ್ತದೆ. ಬಿಲ್ಲೆಯಲ್ಲಿ ಮೇಣ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ಸುಗಂಧವೊಂದೇ. "ಮೇಣ ಇನ್ನೂ ತುಂಬ ಇದೆಯಲ್ಲ, ವಾಸನೆ ಏಕಿಲ್ಲ?" ಎಂದು ಕೇಳುವವರಿಗೆ ಇದೇ ಉತ್ತರ. ಈ 1.3 ಗ್ರಾಂ ಆರು ಗಂಟೆಯಲ್ಲಿ ಖರ್ಚಾದರೆ ಪರಿಮಳ ಜೋರಾಗಿರುತ್ತದೆ, ಇಪ್ಪತ್ತು ಗಂಟೆಗೆ ಹಂಚಿದರೆ ಮೆಲ್ಲಗಿರುತ್ತದೆ. ಜೋರೂ ಬೇಕು, ಬಾಳಿಕೆಯೂ ಬೇಕು ಎಂದರೆ ಒಂದೇ ಸಂಬಳದಲ್ಲಿ ಎರಡು ಮನೆ ನಡೆಸಿದಂತೆ.

ಎಣ್ಣೆ ಹೆಚ್ಚಿಸಿ ಈ ಇಕ್ಕಟ್ಟಿನಿಂದ ಪಾರಾಗಬಹುದೇ? ಸ್ವಲ್ಪ ಮಟ್ಟಿಗೆ ಆಗಬಹುದು. ಬಿಲ್ಲೆಯಲ್ಲಿ ಬತ್ತಿಯಿಲ್ಲದ ಕಾರಣ ಎಣ್ಣೆ ಹೆಚ್ಚಾಗಿ ಬತ್ತಿ ಕಟ್ಟಿಕೊಳ್ಳುವ ಭಯವಿಲ್ಲ. ಸಾಮಾನ್ಯವಾಗಿ ಮೇಣದ ತೂಕದ ಶೇ. 6ರಿಂದ 10ರವರೆಗೆ ಹಾಕುವುದು ರೂಢಿ. ಅದರಾಚೆ ಹೋದರೆ, ಮೇಣ ಗಟ್ಟಿಯಾಗುವಾಗ ಅದರ ಹರಳುಗಳ ನಡುವೆ ಎಣ್ಣೆಗೆ ಜಾಗ ಸಾಲದೆ ಹೊರಗೆ ಒಸರುತ್ತದೆ. ಅಳತೆಯನ್ನು ಚಮಚೆಯಲ್ಲಾಗಲಿ ಮಿಲಿಲೀಟರಿನಲ್ಲಾಗಲಿ ಮಾಡದೆ ತೂಕದಲ್ಲೇ ಮಾಡಬೇಕು, ಏಕೆಂದರೆ ಕಿತ್ತಳೆ ಎಣ್ಣೆ ನೀರಿಗಿಂತ ಹಗುರ, ಲವಂಗದೆಣ್ಣೆ ನೀರಿಗಿಂತ ಭಾರ. ಬೆಳ್ಳಿಬಂಗಾರ ತೂಗುವಂಥ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯೊಂದನ್ನು ಕೊಳ್ಳುವುದು ಈ ಹವ್ಯಾಸದ ಮೊದಲ ಖರ್ಚಾಗಲಿ.

ಈಗ ಎಣ್ಣೆಯ ಸ್ವಭಾವಕ್ಕೆ ಬರೋಣ. ಕಿತ್ತಳೆ ಸಿಪ್ಪೆಯ ಎಣ್ಣೆಯ ಬಹುಪಾಲು ಲಿಮೋನೀನ್. ಅದು ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲ್ಯಾವೆಂಡರಿನಲ್ಲಿ ಹೇರಳವಾಗಿರುವ ಲಿನಲೂಲ್ 198ರಲ್ಲಿ, ವೆನಿಲಾದ ಜೀವಾಳವಾದ ವೆನಿಲಿನ್ 285ರಲ್ಲಿ, ಸುಗಂಧಗಳಲ್ಲಿ ಸ್ಥಿರಕವಾಗಿ, ಅಂದರೆ ಪರಿಮಳ ಬೇಗ ಹಾರದಂತೆ ಹಿಡಿದಿಡಲು ಬಳಸುವ ಬೆಂಜೈಲ್ ಬೆಂಜೋಯೇಟ್ 323ರಲ್ಲಿ ಕುದಿಯುತ್ತವೆ. ನಮ್ಮ ಬಟ್ಟಲು ಈ ಯಾವ ಮಟ್ಟವನ್ನೂ ಮುಟ್ಟುವುದಿಲ್ಲ. ಆದರೂ ಯಾವುದು ಮೊದಲು ಆವಿಯಾಗಿ ಹೋಗುತ್ತದೆ, ಯಾವುದು ಕೊನೆಯವರೆಗೆ ಕುಳಿತಿರುತ್ತದೆ ಎಂಬ ಸರದಿ ಈ ಅಂಕಿಗಳಿಂದ ಬಹುಮಟ್ಟಿಗೆ ತಿಳಿಯುತ್ತದೆ. ಬರೀ ನಿಂಬೆ, ಕಿತ್ತಳೆ, ನೀಲಗಿರಿ ಎಣ್ಣೆಗಳಿಂದ ಮಾಡಿದ ಬಿಲ್ಲೆ ಮೊದಲ ಸಂಜೆಗೇ ಖಾಲಿಯಾಗುವುದು ಅದರ ಹುಟ್ಟುಗುಣ. ಮಾಡಿದವರ ಕೈಯ ತಪ್ಪು ಅದರಲ್ಲಿಲ್ಲ.

ಮಲ್ಲಿಗೆಯನ್ನು ನೋಡಿ. ಮಾಟುಂಗಾ ಸ್ಟೇಷನ್ನಿನ ಹೊರಗೆ ಬಾಳೆಲೆಯ ಮೇಲೆ ಸುತ್ತಿಟ್ಟ ದಂಡೆಯಿಂದ ಬರುವ ಆ ತಾಜಾ ಪರಿಮಳದಲ್ಲಿ ಬೆಂಜೈಲ್ ಅಸಿಟೇಟ್ ಮತ್ತು ಲಿನಲೂಲ್‌ಗಳ ಪಾಲು ದೊಡ್ಡದು. ಅದಕ್ಕೆ ದೇಹ ಕೊಡುವುದು ಅಲ್ಪ ಪ್ರಮಾಣದಲ್ಲಿರುವ ಇಂಡೋಲ್. ಬಟ್ಟಲಿನ ಬಿಸಿಗೆ ಮೊದಲೆರಡು ಬೇಗ ಹೊರಟುಹೋಗುತ್ತವೆ, ಇಂಡೋಲ್ ಉಳಿಯುತ್ತದೆ. ಹಾಗಾಗಿ ಮಲ್ಲಿಗೆ ಬಿಲ್ಲೆ ಮೊದಲ ದಿನ ಮುಡಿದ ಹೂವಿನಂತೆಯೂ ಮೂರನೆಯ ದಿನ ದೇವರ ಮನೆಯಲ್ಲಿ ತೆಗೆಯದೆ ಬಿಟ್ಟ ನಿರ್ಮಾಲ್ಯದಂತೆಯೂ ಇರುತ್ತದೆ. ಸುಗಂಧ ಹೋಯಿತೆಂದು ಜನ ದೂರುವಾಗ, ಎಷ್ಟೋ ಸಲ ಅದು ಹೋಗಿರುವುದಿಲ್ಲ, ಚೆಲುವಾದ ಭಾಗ ಹೋಗಿ ಒರಟು ಭಾಗ ಉಳಿದಿರುತ್ತದೆ. ಮಲ್ಲಿಗೆಯ ಕೆಳಗೆ ಗಂಧದ ಮರದ ಬಗೆಯ ಸುಗಂಧವನ್ನೋ ಒಂದಿಷ್ಟು ವೆನಿಲಾವನ್ನೋ ಹಾಸಿದರೆ ಆ ಒರಟುತನ ಮುಚ್ಚುತ್ತದೆ.

ನಾನು ತರಗತಿಯಲ್ಲಿ ಕಲಿಸುವ ಅಳತೆ ಇದು. 16 ಗ್ರಾಂ ಸುಗಂಧದಲ್ಲಿ 8 ಗ್ರಾಂ ನಿಧಾನವಾಗಿ ಆವಿಯಾಗುವ ತಳದ ಸುಗಂಧಗಳು, ಅಂದರೆ ಪಚೋಲಿ, ಲಾವಂಚ, ಗಂಧದ ಬಗೆಯ ಸಂಯೋಜನೆ, ವೆನಿಲಾ, ಕಸ್ತೂರಿ ಬಗೆಯವು. 5 ಗ್ರಾಂ ನಡುವಿನವು, ಅಂದರೆ ಹೂವು ಮತ್ತು ಮಸಾಲೆಯವು. 3 ಗ್ರಾಂ ಮಾತ್ರ ಬೇಗ ಹಾರುವ, ಕಿತ್ತಳೆ, ನಿಂಬೆಯಂಥ ಮೇಲಿನವು. ಅಂಗಡಿಯ ಸಿದ್ಧ ಸುಗಂಧಗಳಲ್ಲಿ ಈ ಪಾಲು ಹೇಗಿದೆಯೆಂದು ಲೇಬಲ್ ಹೇಳುವುದಿಲ್ಲ. ಆದರೆ ಕಾಗದದ ಪಟ್ಟಿಯೊಂದಕ್ಕೆ ಒಂದು ಹನಿ ತಾಗಿಸಿ ಹೆಸರು ಬರೆದಿಟ್ಟು ಮರುದಿನ ಬೆಳಿಗ್ಗೆ ಮೂಸಿದರೆ ಗೊತ್ತಾಗುತ್ತದೆ. ಬೆಳಗಿನ ಹೊತ್ತಿಗೆ ಕಾಗದ ಬರೀ ಕಾಗದದಂತೆ ವಾಸನೆ ಬಂದರೆ ಆ ಸುಗಂಧವನ್ನು ಒಂಟಿಯಾಗಿ ಬಳಸಬೇಡಿ. ಅಂದಹಾಗೆ, ಅಸಲಿ ಶ್ರೀಗಂಧದೆಣ್ಣೆಯನ್ನು ಮೇಣಕ್ಕೆ ಸುರಿಯುವ ಆಸೆ ನಮ್ಮವರಿಗೆ ಇದ್ದೇ ಇರುತ್ತದೆ. ಮೈಸೂರಿನಲ್ಲಿ 1916ರಲ್ಲಿ ಸರ್ಕಾರಿ ಕಾರ್ಖಾನೆ ತೆರೆದು ತೆಗೆದ ಆ ಎಣ್ಣೆ ಮೈಗೆ ಹಚ್ಚಲು ತಕ್ಕದ್ದು. ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ತೀರ ನಿಧಾನವಾಗಿ ಆವಿಯಾಗುವುದರಿಂದ ಬಿಲ್ಲೆಯಲ್ಲಿ ಅದು ಉಳಿಯುತ್ತದೆ ನಿಜ, ಆದರೆ ಕೊಟ್ಟ ದುಡ್ಡಿಗೆ ತಕ್ಕಷ್ಟು ಕೋಣೆಗೆ ಹರಡುವುದಿಲ್ಲ.

ಸುಗಂಧ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಹಿಂದೊಮ್ಮೆ ನಾನೇ ಮಸ್ಜಿದ್ ಬಂದರ್ ಕಡೆಯ ಅಂಗಡಿಯೊಂದರಲ್ಲಿ ಅಗ್ಗವೆಂದು ಅರ್ಧ ಲೀಟರ್ ಗುಲಾಬಿ ಸುಗಂಧ ತಂದಿದ್ದೆ. ಕರಗಿದ ಮೇಣಕ್ಕೆ ಹಾಕಿ ಎಷ್ಟು ಕಲಕಿದರೂ ಅದು ಮೋಡದಂತೆ ಮಬ್ಬಾಗಿ, ಆರಿದಾಗ ತಳದಲ್ಲಿ ಸಣ್ಣ ಸಣ್ಣ ಹನಿಗಳಾಗಿ ಕುಳಿತಿತ್ತು. ಡೈಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ತೆಳು ಮಾಡಿದ ಸುಗಂಧ ಅದು. ಆ ದ್ರಾವಕ ಮೇಣದೊಂದಿಗೆ ಸೇರುವುದಿಲ್ಲ. ಅಗರಬತ್ತಿಗೆಂದು ಮಾರುವ ಸುಗಂಧಗಳಲ್ಲಿ ಡೈಈಥೈಲ್ ಥ್ಯಾಲೇಟ್ ಬೆರೆಸುವುದುಂಟು, ಅದಕ್ಕೆ ತನ್ನದೇ ಆದ ಪರಿಮಳವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಹೀಗೆ ಬೆರಕೆಯಾದ ಸುಗಂಧವಾದರೆ ನೀವು ತೂಗಿ ಹಾಕಿದ 16 ಗ್ರಾಂನಲ್ಲಿ ನಿಜವಾದ ಸುಗಂಧ ಅರ್ಧವೂ ಇರಲಿಕ್ಕಿಲ್ಲ. ಆದ್ದರಿಂದ ಮೊದಲು ಸಣ್ಣ ಬಾಟಲಿ ತಂದು, ಒಂದು ಚಮಚೆ ಕರಗಿದ ಮೇಣಕ್ಕೆ ಎರಡು ಹನಿ ಹಾಕಿ ನೋಡಿ. ತಿಳಿಯಾಗಿ ಬೆರೆತರೆ ಮಾತ್ರ ಮುಂದುವರಿಯಿರಿ. ಮೈಗೆ ಸಿಂಪಡಿಸುವ ಆಲ್ಕೊಹಾಲಿನ ಪರ್ಫ್ಯೂಮ್, ಪನ್ನೀರು, ಅಡುಗೆಯ ಎಸೆನ್ಸ್ ಇವು ಯಾವುವೂ ಮೇಣಕ್ಕೆ ಸಲ್ಲುವುದಿಲ್ಲ. ಮೊದಲನೆಯದು ಬೆಂಕಿಯ ಹತ್ತಿರ ಅಪಾಯವೂ ಹೌದು. 1973ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸುಗಂಧ ಸಂಘಟನೆ, ಅಂದರೆ ಇಫ್ರಾ, ನಿಗದಿಪಡಿಸಿದ ಸುರಕ್ಷಿತ ಬಳಕೆಯ ಮಿತಿಯ ಪ್ರಮಾಣಪತ್ರವನ್ನು ಒಳ್ಳೆಯ ತಯಾರಕರು ಕೇಳಿದರೆ ಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಮೇಣದ ವಿಷಯ ಇಷ್ಟು ಜಟಿಲವಲ್ಲ. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಸೋಯಾ ಮೇಣದಲ್ಲಿ ಗಾಜಿನ ಲೋಟಕ್ಕೆ ಎರೆಯುವ ಮೃದು ಬಗೆ ಸುಮಾರು 46ರಿಂದ 50 ಡಿಗ್ರಿಯಲ್ಲಿ ಕರಗುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಕಿಟಕಿಯ ಪಕ್ಕ ಇಟ್ಟರೆ ಅದು ಕರಗದಿದ್ದರೂ ಬೆಣ್ಣೆಯಂತೆ ಮೆತ್ತಗಾಗಿ ಎಣ್ಣೆ ಬಿಡುತ್ತದೆ. ಆದ್ದರಿಂದ 170 ಗ್ರಾಂ ಸೋಯಾ ಮೇಣಕ್ಕೆ 20 ಗ್ರಾಂ ಜೇನುಮೇಣ, 10 ಗ್ರಾಂ ಸ್ಟಿಯರಿಕ್ ಆಮ್ಲ (ಕೊಬ್ಬಿನಿಂದ ತೆಗೆದ, ಮೇಣದಂಥ ಗಟ್ಟಿ ಪದಾರ್ಥ) ಸೇರಿಸುವುದು ನನ್ನ ಪದ್ಧತಿ. ಜೇನುಮೇಣ 62ರ ಆಸುಪಾಸಿನಲ್ಲಿ, ಸ್ಟಿಯರಿಕ್ ಆಮ್ಲ 69ರಲ್ಲಿ ಕರಗುವುದರಿಂದ ಬಿಲ್ಲೆಗೆ ಬಿಗಿ ಬರುತ್ತದೆ. ಜೇನುಮೇಣ ಇನ್ನೂ ಹೆಚ್ಚಾದರೆ ಅದರ ಸ್ವಂತ ವಾಸನೆ ಮುಂದೆ ಬರುತ್ತದೆ. ಪ್ಯಾರಾಫಿನ್ ಬಳಸುವವರು ಬಳಸಲಿ, ಅದರಿಂದ ಪರಿಮಳ ಚೆನ್ನಾಗಿಯೇ ಬಿಡುಗಡೆಯಾಗುತ್ತದೆ. ಅದನ್ನು ವಿಷವೆಂಬಂತೆ ಮಾತಾಡುವುದು ಉತ್ಪ್ರೇಕ್ಷೆ.

ಮೇಣದ ಪಾತ್ರೆಯನ್ನು ನೇರವಾಗಿ ಗ್ಯಾಸ್ ಮೇಲಿಡದೆ, ನೀರು ಕಾಯುತ್ತಿರುವ ದೊಡ್ಡ ಪಾತ್ರೆಯೊಳಗೆ ಇಡಿ. 80ರಿಂದ 85 ಡಿಗ್ರಿಗೆ ಎಲ್ಲವೂ ತಿಳಿಯಾಗಿ ಕರಗಿದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಕೆಳಗಿಳಿಸಿ, 75ರ ಸುಮಾರಿಗೆ ಸುಗಂಧ ಹಾಕಿ ಎರಡು ನಿಮಿಷ ನಿಧಾನವಾಗಿ, ನೊರೆ ಬಾರದಂತೆ ಕಲಕಬೇಕು. ತೀರ ತಣ್ಣಗಾದ ಮೇಲೆ ಹಾಕಿದರೆ ಎಣ್ಣೆ ಸಮನಾಗಿ ಹರಡುವ ಮೊದಲೇ ಮೇಣ ಹೆಪ್ಪುಗಟ್ಟತೊಡಗುತ್ತದೆ. ಫ್ಲಾಶ್ ಪಾಯಿಂಟ್ 65 ಎಂದು ಬಾಟಲಿಯ ಮೇಲಿದ್ದರೆ ಆ ಬಿಸಿ ದಾಟಿದೊಡನೆ ಸುಗಂಧವೆಲ್ಲ ಹಾರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಆ ಅಂಕಿ ಹೇಳುವುದು ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಮಟ್ಟವನ್ನು. ಒಲೆ ಆರಿಸಿದ ಮೇಲೆಯೇ ಸುಗಂಧ ಬೆರೆಸಿ ಎನ್ನುವುದಕ್ಕೆ ಕಾರಣ ಇದೇ. 60ರಿಂದ 65ಕ್ಕೆ ಇಳಿದಾಗ ಅಚ್ಚಿಗೆ ಎರೆಯಿರಿ. ಸಿಲಿಕೋನ್ ಅಚ್ಚು ಸುಗಂಧವನ್ನು ಹೀರಿಕೊಳ್ಳುವುದರಿಂದ ಅದನ್ನು ಮತ್ತೆ ಕೇಕಿಗೆ ಬಳಸುವಂತಿಲ್ಲ.

ಮಳೆಗಾಲದಲ್ಲಿ ಅಚ್ಚಿನೊಳಗೆ ತೇವವಿದ್ದರೆ ಬಿಲ್ಲೆಯ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ಹೊರಗೆ ತೆಗೆದೊಡನೆ ನಮ್ಮ ಊರಿನ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಗಟ್ಟುತ್ತದೆ. ಇನ್ನು ಸೋಯಾ ಮೇಣದ ಕೊಬ್ಬಿನ ಹರಳುಗಳು ಬಿಲ್ಲೆ ಗಟ್ಟಿಯಾದ ಮೇಲೂ ದಿನಗಟ್ಟಲೆ ಮೆಲ್ಲಗೆ ಮರುಜೋಡಣೆಗೊಳ್ಳುತ್ತಿರುತ್ತವೆ. ಆದ್ದರಿಂದ ಎರೆದ ಬಿಲ್ಲೆಯನ್ನು ಗಾಜಿನ ಭರಣಿಯಲ್ಲಿ ಮುಚ್ಚಿಟ್ಟು ಎರಡು ವಾರ ಬಿಟ್ಟು ಪರೀಕ್ಷಿಸುವುದು ಒಳ್ಳೆಯದು. ಉಪ್ಪಿನಕಾಯಿ ಹಾಕಿದವರಿಗೆ ಈ ತಾಳ್ಮೆಯನ್ನು ಹೇಳಿಕೊಡಬೇಕಾಗಿಲ್ಲ. ತೆಳು ಪಾಲಿಥೀನ್ ಚೀಲದಲ್ಲಿ ಇಟ್ಟರೆ ಹಗುರ ಸುಗಂಧಗಳು ಚೀಲವನ್ನೇ ದಾಟಿ ಹೋಗುತ್ತವೆ. ಥರ್ಮಾಕೋಲ್ ಅಂತೂ ಬೇಡವೇ ಬೇಡ. ಅದರ ಮೇಲೆ ಒಂದು ಹನಿ ಕಿತ್ತಳೆ ಎಣ್ಣೆ ಬಿಟ್ಟು ನೋಡಿ, ಕಣ್ಣೆದುರೇ ಕರಗಿ ತೂತಾಗುತ್ತದೆ.

ಉಳಿದದ್ದು ಬಟ್ಟಲು, ಅರ್ಧದಷ್ಟು ಬಾಳಿಕೆ ತಪ್ಪುವುದು ಇಲ್ಲೇ. ಬಿಸಿ ಹತ್ತು ಡಿಗ್ರಿ ಏರಿದರೆ ಸುಗಂಧ ಆವಿಯಾಗುವ ವೇಗ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಟೀ ಲೈಟ್ ದೀಪದ ಮೇಲಿಟ್ಟ ಬಟ್ಟಲು ಜ್ವಾಲೆಗೆ ಹತ್ತಿರವಿದ್ದರೆ ಅಗತ್ಯಕ್ಕಿಂತ ಬಹಳ ಬಿಸಿಯಾಗುತ್ತದೆ. ಇಲ್ಲಿನ ಮನೆಗಳಲ್ಲಿ ಕರ್ಪೂರ ಇಡುವ, ಬಲ್ಬಿನ ಬಿಸಿಯ ವಿದ್ಯುತ್ ಕಪೂರ್‌ದಾನಿ ಇದ್ದೇ ಇರುತ್ತದೆ. ಅದರ ಬಟ್ಟಲು ಮೇಣ ಕರಗುವಷ್ಟು ಬಿಸಿಯಾಗುವುದಾದರೆ ಅದೇ ಸಾಕು. ಅಡುಗೆಯ ಥರ್ಮಾಮೀಟರಿನ ಮೊನೆಯನ್ನು ಕರಗಿದ ಮೇಣದಲ್ಲಿ ಅದ್ದಿ ನೋಡಿ, 60 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸರಿ. ಅಗಲ ತಟ್ಟೆಗಿಂತ ಬಾಯಿ ಕಿರಿದಾದ, ಸ್ವಲ್ಪ ಆಳವಿರುವ ಬಟ್ಟಲು ಲೇಸು, ಏಕೆಂದರೆ ಆವಿ ಹೊರಡುವುದು ಮೇಲ್ಮೈಯಿಂದ. ಆ ಕಿರಿದಾದ ಬಟ್ಟಲಿಗೆ ಒಂದರ ಬದಲು ಎರಡು ಬಿಲ್ಲೆ ಹಾಕಿದರೆ ಪರಿಮಳದ ಜೋರು ಅಷ್ಟೇನೂ ಹೆಚ್ಚುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಎರಡು ಗಂಟೆ ಉರಿಸಿ ಆರಿಸಿ. ಹೆಪ್ಪುಗಟ್ಟಿದ ಮೇಣ ಉಳಿದ ಸುಗಂಧವನ್ನು ನಾಳೆಗೆ ಕಾಯ್ದಿಡುತ್ತದೆ. ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿರುವಾಗ ಅದರ ಕೆಳಗೆ ಬಟ್ಟಲಿಡುವುದು ದುಡ್ಡನ್ನು ಗಾಳಿಗೆ ತೂರಿದಂತೆಯೇ.

ಪರೀಕ್ಷೆಗೆ ನಿಮ್ಮ ಮೂಗನ್ನು ಪೂರ್ತಿ ನಂಬಬೇಡಿ, ಒಂದೇ ಪರಿಮಳದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಅದು ಮರಗಟ್ಟಿಹೋಗುತ್ತದೆ. ಕೆಳಗಿಳಿದು ಹಾಲು ತಂದು ಬಾಗಿಲು ತೆರೆದಾಗ ಏನು ಬರುತ್ತದೆಯೋ ಅದು ನಿಜವಾದ ಪರಿಮಳ. ಅದಕ್ಕಿಂತ ಖಚಿತವಾದದ್ದು ತಕ್ಕಡಿ: ಪ್ರತಿದಿನ ಆರಿಸಿದ ಮೇಲೆ ತಣ್ಣಗಾದ ಬಟ್ಟಲನ್ನು ತೂಗಿ ಬರೆದಿಡಿ. ಇಳಿದ ತೂಕವೇ ಖರ್ಚಾದ ಸುಗಂಧ. ಡೊಂಬಿವಲಿಯವರು ಈಗ ಹೀಗೆಯೇ ಮಾಡುತ್ತಾರೆ, ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ. ಶೇ. 8ಕ್ಕೆ ಇಳಿಸಿ ತಳಕ್ಕೆ ಪಚೋಲಿ ಸೇರಿಸಿದ ಅವರ ಮಲ್ಲಿಗೆ ಬಿಲ್ಲೆ ದಿನಕ್ಕೆರಡು ಗಂಟೆಯಂತೆ ವಾರ ದಾಟಿತಂತೆ.

ಮನೆಯಲ್ಲಿ ಆಸ್ತಮಾ ಇರುವವರು, ಹಸುಗೂಸು, ಬೆಕ್ಕು ಅಥವಾ ಪಂಜರದ ಹಕ್ಕಿ ಇದ್ದರೆ ಮುಚ್ಚಿದ ಕೋಣೆಯಲ್ಲಿ ಇವನ್ನು ಬಳಸಬೇಡಿ. ಬೆಕ್ಕಿರುವ ಮನೆಗೆ ಟೀ ಟ್ರೀ ಎಣ್ಣೆಯಂತೂ ಬೇಡ. ಮೇಣ ಹೊತ್ತಿಕೊಂಡರೆ ನೀರು ಎರಚದೆ ಮುಚ್ಚಳ ಮುಚ್ಚಿ ಆರಿಸಬೇಕು.

ಸುಗಂಧ ತೀರಿದ ಮೇಣವನ್ನು ಕರಗಿಸಿ ಸಿಂಕಿಗೆ ಸುರಿದರೆ ಕೆಳಮಹಡಿಯವರೊಂದಿಗೆ ಜಗಳ ಖಂಡಿತ, ಪೈಪಿನೊಳಗೆ ಅದು ಮತ್ತೆ ಹೆಪ್ಪುಗಟ್ಟುತ್ತದೆ. ಬೆಚ್ಚಗಿರುವಾಗ ಹತ್ತಿಯಿಂದ ಒರೆಸಿ ತೆಗೆಯಿರಿ, ಇಲ್ಲವೇ ಗಟ್ಟಿಯಾದ ಮೇಲೆ ಚಮಚೆಯ ತುದಿಯಿಂದ ಎಬ್ಬಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಜುಲೈಯಲ್ಲಿ ಉಬ್ಬಿ ಬಿಗಿದುಕೊಳ್ಳುವ ಮರದ ಡ್ರಾಯರಿನ ಅಂಚಿಗೆ ಸವರಲು ನಾನು ಅದನ್ನೇ ಬಳಸುತ್ತೇನೆ.