ಕುಯ್ತಾ ಇರ್ತೀವಾ, ಕುಯ್ದಿರ್ತೀವಾ?

ಪ್ರಶ್ನೆ: ಇಂಗ್ಲಿಷ್‌ನಲ್ಲಿ 'ವಿಲ್ ಬಿ', 'ವಿಲ್ ಹ್ಯಾವ್' ಎರಡೂ ಮುಂದೆ ಆಗೋದನ್ನೇ ಹೇಳುತ್ತವೆ ಅಲ್ವಾ? ಯಾವುದನ್ನು ಎಲ್ಲಿ ಬಳಸಬೇಕು?

ಚಿಕ್ಕಮಗಳೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನನಗೆ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಹೋಂಸ್ಟೇ ನಡೆಸುವವರೇ ಜಾಸ್ತಿ ಕೇಳುತ್ತಾರೆ. ನಾನೂ ಇಲ್ಲಿ ಎಡವಿದವಳೇ. ಹಿಂದೆ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಫೆಬ್ರವರಿ ಮೊದಲ ವಾರ ಬಂದರೆ ಕಾಫಿ ಕುಯ್ಲು ನೋಡೋಕೆ ಸಿಗುತ್ತಾ ಅಂತ ಒಬ್ಬರು ಕೇಳಿದರು. ತೋಟದಲ್ಲಿ ರೋಬಸ್ಟಾ (ಕಾಫಿಯ ಒಂದು ಜಾತಿ, ಇನ್ನೊಂದು ಅರೇಬಿಕಾ) ಕುಯ್ಲು ಜೋರಾಗಿರುವ ಹೊತ್ತು ಅದು. ಇಂಗ್ಲಿಷ್ ಸ್ವಲ್ಪ ಗತ್ತಾಗಿರಲಿ ಅಂತ 'ವಿ ವಿಲ್ ಹ್ಯಾವ್ ಪಿಕ್ಡ್ ದ ರೋಬಸ್ಟಾ' ಎಂದು ಉತ್ತರಿಸಿದೆ. ಅವರು ಬರಲೇ ಇಲ್ಲ. ಕುಯ್ದು ಮುಗಿದಿರುತ್ತದೆ ಅಂತ ನಾನೇ ಹೇಳಿದ ಮೇಲೆ ಯಾಕೆ ಬರುತ್ತಾರೆ? ಬರೆಯಬೇಕಿದ್ದದ್ದು 'ವಿ ವಿಲ್ ಬಿ ಪಿಕಿಂಗ್'.

ತಮಾಷೆ ಅಂದರೆ, ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ. "ನೀವು ಬಂದಾಗ ಕುಯ್ತಾ ಇರ್ತೀವಿ" ಅಂದರೆ ಆಳುಗಳು ಗಿಡದ ಹತ್ತಿರವೇ ಇರುತ್ತಾರೆ. "ನೀವು ಬರೋ ಹೊತ್ತಿಗೆ ಕುಯ್ದಿರ್ತೀವಿ" ಅಂದರೆ ಗಿಡ ಖಾಲಿ, ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ. ಮೊದಲನೆಯದು ಫ್ಯೂಚರ್ ಕಂಟಿನ್ಯುಯಸ್: 'ವಿಲ್ ಬಿ' ಆದ ಮೇಲೆ 'ಇಂಗ್' ಸೇರಿದ ಕ್ರಿಯಾಪದ. ಎರಡನೆಯದು ಫ್ಯೂಚರ್ ಪರ್ಫೆಕ್ಟ್: 'ವಿಲ್ ಹ್ಯಾವ್' ಆದ ಮೇಲೆ ಮೂರನೇ ರೂಪ, ಅಂದರೆ ಗೋ, ವೆಂಟ್, ಗಾನ್‌ನಲ್ಲಿ 'ಗಾನ್'. 'ಹಿ', 'ಶಿ' ಬಂದರೂ 'ಹ್ಯಾವ್' ಬದಲಾಗೋದಿಲ್ಲ. 'ವಿಲ್ ಹ್ಯಾಸ್' ಅನ್ನೋದೇ ಇಲ್ಲ.

ಸಮಯ ಹೇಳುವ ಪದವೂ ದಾರಿ ತೋರಿಸುತ್ತದೆ. "ಜನವರಿ ಮುಗಿಯೋದ್ರೊಳಗೆ ಅರೇಬಿಕಾ ಮುಗಿಸಿರ್ತೀವಿ" ಎನ್ನುವಾಗಿನ 'ಒಳಗೆ' ಇಂಗ್ಲಿಷ್‌ನ 'ಬೈ'. ಅದಕ್ಕೆ 'ವಿಲ್ ಹ್ಯಾವ್ ಫಿನಿಶ್ಡ್'. "ಸಂಜೆ ಐದರ ತನಕ ಕುಯ್ತಾ ಇರ್ತೀವಿ" ಎನ್ನುವಾಗಿನ 'ತನಕ' ಇಂಗ್ಲಿಷ್‌ನ 'ಟಿಲ್'. ಅದಕ್ಕೆ 'ವಿಲ್ ಬಿ ಪಿಕಿಂಗ್'. ಇನ್ನು "ನೀವು ಬರೋ ಹೊತ್ತಿಗೆ" ಅನ್ನೋದನ್ನು 'ಬೈ ದ ಟೈಮ್ ಯು ವಿಲ್ ಕಮ್' ಅಂತ ಬರೆಯಬೇಡಿ. ಅಲ್ಲಿ 'ವಿಲ್' ಬರೋದಿಲ್ಲ, 'ಬೈ ದ ಟೈಮ್ ಯು ಕಮ್' ಅಷ್ಟೇ.

ಇಷ್ಟು ತಿಳಿದವರೂ ಒಂದು ಕಡೆ ಜಾರುತ್ತಾರೆ, ಅದಕ್ಕೆ ಕನ್ನಡವೇ ಕಾರಣ. "ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ" ಅನ್ನೋ ಮಾತು ನೋಡಿ. ರೂಪದಲ್ಲಿ ಅದು 'ಕುಯ್ದಿರ್ತೀವಿ' ಥರಾನೇ ಇದೆ. ಹಾಗಂತ 'ಐ ವಿಲ್ ಹ್ಯಾವ್ ಸ್ಟುಡ್' ಎಂದರೆ, ನಿಲ್ಲೋದೇನೋ ಮುಗಿದಿರುತ್ತೆ, ಆಮೇಲೆ ಎಲ್ಲಿಗೆ ಹೋದೆ ಅಂತ ಕೇಳಬೇಕಾಗುತ್ತದೆ. ನಾವು ಹೇಳೋದು ಇನ್ನೂ ನಿಂತೇ ಇರುವ ಸ್ಥಿತಿಯನ್ನು. ಆದ್ದರಿಂದ 'ಐ ವಿಲ್ ಬಿ ಸ್ಟ್ಯಾಂಡಿಂಗ್'. ಕೂತಿರ್ತೀನಿ, ಮಲಗಿರ್ತಾನೆ, ಕೆಂಪು ಸ್ವೆಟರ್ ಹಾಕ್ಕೊಂಡಿರ್ತೀನಿ, ಎಲ್ಲಕ್ಕೂ ಇದೇ: 'ವಿಲ್ ಬಿ ಸಿಟಿಂಗ್', 'ವಿಲ್ ಬಿ ಸ್ಲೀಪಿಂಗ್', 'ವಿಲ್ ಬಿ ವೇರಿಂಗ್'. ಕೆಲಸ ಮುಗಿದಿದೆಯಾ, ಆ ಸ್ಥಿತಿ ಇನ್ನೂ ಇದೆಯಾ ಅಂತ ಕೇಳಿಕೊಂಡರೆ ಸಾಕು.

ಇದರ ತಿರುಗುಮುರುಗೂ ಇದೆ. "ಬೇಲೂರಿಗೆ ಹೋಗ್ತಾ ಇರ್ತೀನಿ" ಅಂದರೆ ಆಗಾಗ ಹೋಗ್ತೀನಿ ಅಂತ. ಅದು ಅಭ್ಯಾಸದ ಮಾತು, 'ಐ ಆಫನ್ ಗೋ ಟು ಬೇಲೂರ್'. ಅಲ್ಲಿ 'ವಿಲ್ ಬಿ' ತರಬೇಡಿ.

'ವಿಲ್ ಬಿ'ಗೆ ಇನ್ನೊಂದು ಒಳ್ಳೆ ಕೆಲಸ ಇದೆ. 'ವಿಲ್ ಯು ಹ್ಯಾವ್ ಡಿನ್ನರ್ ಹಿಯರ್?' ಅಂದರೆ ಊಟ ಮಾಡಿ ಅಂತ ಕರೆದ ಹಾಗೂ ಕೇಳಿಸಬಹುದು. 'ವಿಲ್ ಯು ಬಿ ಹ್ಯಾವಿಂಗ್ ಡಿನ್ನರ್ ಹಿಯರ್?' ಅಂದರೆ ಸುಮ್ನೆ ಅವರ ಪ್ಲಾನ್ ಕೇಳಿದ ಹಾಗೆ, ಒತ್ತಾಯ ಇಲ್ಲ. ಗೆಸ್ಟ್ ಹತ್ತಿರ ಮಾತಾಡುವಾಗ ನಾನು ಎರಡನೆಯದನ್ನೇ ಬಳಸುತ್ತೇನೆ.

'ವಿಲ್ ಹ್ಯಾವ್' ಬಂದಲ್ಲೆಲ್ಲ ಮುಂದಿನ ಮಾತೇ ಅಂತಲೂ ತಿಳಿಯಬೇಡಿ. ಬೆಳಿಗ್ಗೆ ಬೆಂಗಳೂರು ಬಿಟ್ಟ ಗೆಸ್ಟ್ ಎಲ್ಲಿದ್ದಾರೆ ಅಂತ ಅಡುಗೆಯವರು ಕೇಳಿದರೆ ಗಡಿಯಾರ ನೋಡಿ ಏನನ್ನುತ್ತೀರಿ? "ಇಷ್ಟೊತ್ತಿಗೆ ಹಾಸನ ದಾಟಿರ್ತಾರೆ." ಅದು ಊಹೆ. ಇಂಗ್ಲಿಷ್‌ನಲ್ಲೂ ಹಾಗೇ: 'ದೇ ವಿಲ್ ಹ್ಯಾವ್ ಕ್ರಾಸ್ಡ್ ಹಾಸನ್ ಬೈ ನೌ'.