ತುಕ್ಕು ಬೆಸುಗೆಯಿಂದಲೇ ಯಾಕೆ ಶುರುವಾಗುತ್ತದೆ?

ನಮ್ಮ ಮನೆ ಮಲ್ಪೆ ಕಡಲಿಗೆ ಹತ್ತಿರ. ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ಜಿಐ ಪೈಪಿನದು, ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಎರಡು ಮಳೆಗಾಲ ಕಳೆದರೂ ಪೈಪಿಗೆ ಏನೂ ಆಗಿಲ್ಲ. ಬೆಸುಗೆ ಹಾಕಿದ ನಾಲ್ಕು ಮೂಲೆಗಳಿಂದ ಮಾತ್ರ ಕಂದು ನೀರು ಇಳಿದು ಅಮ್ಮನ ಬಿಳಿ ಸೀರೆ ಹಾಳಾಯಿತು.

ಕಾರಣ ಲೆಕ್ಕದಲ್ಲೇ ಇದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಕಬ್ಬಿಣ ಕರಗಲು 1,538 ಬೇಕು. ಹಾಗಾಗಿ ಬೆಸುಗೆ ಕೂಡುವಷ್ಟರಲ್ಲಿ ಅಲ್ಲಿದ್ದ ಸತು ಬಿಳಿ ಹೊಗೆಯಾಗಿ ಹೋಗಿರುತ್ತದೆ.

ಸಣ್ಣ ಗೀರಿನ ಕತೆ ಬೇರೆ. ಹತ್ತನೇ ತರಗತಿಯಲ್ಲಿ ಕೇಳುತ್ತಾರಲ್ಲ, ಸತುವಿನ ಲೇಪ ಒಡೆದರೂ ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುವುದಿಲ್ಲ ಅಂತ? ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ; ಗೀರಿನ ಅಕ್ಕಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬೆಸುಗೆಯ ಸುತ್ತ ಹಾಗೆ ಸವೆಯಲು ಸತುವೇ ಉಳಿದಿರುವುದಿಲ್ಲ.

ಇನ್ನು ಉಪ್ಪು. ತುಕ್ಕಿಗೆ ನೀರು, ಆಮ್ಲಜನಕ ಎರಡೂ ಬೇಕು, ಉಪ್ಪು ಬೇಕೇ ಬೇಕೆಂದಿಲ್ಲ. ಆದರೆ ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಕೆಲಸ ಜೋರಾಗುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ; ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿ ನೋಡಿದರೆ ಸಾಕು. ಗೇಟಿನ ಮೇಲೆ ಕೂತ ಕಡಲ ಉಪ್ಪೂ ಹಾಗೆಯೇ, ಮಳೆ ಬಾರದ ದಿನವೂ ಕಬ್ಬಿಣವನ್ನು ಒದ್ದೆಯಾಗಿಡುತ್ತದೆ. ಮಳೆ ನೇರ ಬೀಳುವ ಕಡೆ ಉಪ್ಪು ತೊಳೆದುಹೋಗುತ್ತದೆ. ಸಜ್ಜದ ಕೆಳಗಿನ ಗ್ರಿಲ್ಲಿಗೆ ಆ ಭಾಗ್ಯವಿಲ್ಲ, ಅದನ್ನು ನಾವೇ ಬಾವಿನೀರಿನಲ್ಲಿ ತೊಳೆಯಬೇಕು.

ಬಣ್ಣ ಹಚ್ಚುವವರು ಜಾರುವುದೂ ಇಲ್ಲೇ. ಉಪ್ಪು ತೊಳೆಯದೆ ತಂತಿ ಬ್ರಷ್ಷಿನಿಂದ ಉಜ್ಜಿ ಬಣ್ಣ ಬಳಿದರೆ ಅದು ಒಳಗೇ ಉಳಿದು, ಬಣ್ಣ ಗುಳ್ಳೆ ಏಳುತ್ತದೆ. ಮೊದಲು ತೊಳೆದು ಒಣಗಿಸಿ, ತುಕ್ಕು ಉಜ್ಜಿ, ಮತ್ತೆ ತೊಳೆದು ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್, ಆಮೇಲೆ ಎನಾಮೆಲ್ ಎರಡು ಕೈ. (ರೆಡ್ ಆಕ್ಸೈಡಿನ ಕೆಂಪೂ ಕಬ್ಬಿಣದ ಆಕ್ಸೈಡೇ. ಕೇಳಿದಾಗ ನನಗೂ ನಗು ಬಂತು.) ಜಿಐ ಬೆಸುಗೆಗಾದರೆ ಸತುವಿನ ಪುಡಿ ತುಂಬಿದ ಜಿಂಕ್ ಪ್ರೈಮರ್ ಮೇಲು. ಎಲ್ಲವನ್ನೂ ಏಪ್ರಿಲ್, ಮೇ ಬಿಸಿಲಿಗೇ ಮುಗಿಸಿ.

ಹಾರೆ, ಕತ್ತಿಗೆ ಬಣ್ಣ ನಿಲ್ಲುವುದಿಲ್ಲ. ಅಜ್ಜ ಮಣ್ಣು ತೊಳೆದು, ಒರೆಸಿ, ತೆಂಗಿನೆಣ್ಣೆ ಬಟ್ಟೆಯಲ್ಲಿ ಒಮ್ಮೆ ಉಜ್ಜಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದರು. ಎಣ್ಣೆ ನೀರನ್ನು ತಡೆಯುತ್ತದೆ, ಒಲೆಯ ಬಿಸಿ ತೇವ ಆರಿಸುತ್ತದೆ. ಈಗ ಅಡುಗೆ ಗ್ಯಾಸಿನಲ್ಲಿ. ಹಾಗಾಗಿ ನಮ್ಮ ಹಾರೆಗೆ ತಿಂಗಳಿಗೊಮ್ಮೆ ಎಣ್ಣೆ ಬೇಕಾಗುತ್ತದೆ.